ಅರಸೀಕೆರೆಯಲ್ಲಿ ಮಾತ್ರ ಓದಲು ಬರುತ್ತಿದ್ದ ಬ್ಲಾಗು

ಬ್ಲಾಗು ಬರೆಯಬೇಕೆಂಬ ಆಸೆ ನನಗೇನೂ ಇರಲಿಲ್ಲ. ಕಡ್ಡಾಯ ಅಂದರು, ಬರೆದೆ. ನಾನು ಅರಸೀಕೆರೆಯಲ್ಲಿ ಬಿ.ಎಡ್. ಓದುತ್ತಿದ್ದ ವರ್ಷ ನಮ್ಮ ಕಾಲೇಜಿನವರು ಬೆಂಗಳೂರಿನ ಒಂದು ತರಬೇತಿ ಸಂಸ್ಥೆಯ ಆನ್‌ಲೈನ್ ಕೋರ್ಸಿಗೆ ನಮ್ಮನ್ನೆಲ್ಲ ಸೇರಿಸಿದರು. ಆಗ ನಮ್ಮ ಕಡೆ ಮೊಬೈಲ್ ಅಂದರೆ ಮಾತಾಡುವುದಕ್ಕೆ, ಇಂಟರ್ನೆಟ್ ಅಂದರೆ ಸೈಬರ್ ಸೆಂಟರ್. ಕೋರ್ಸಿನ ಪಾಠಗಳು ಇ-ಮೇಲಿನಲ್ಲಿ ಬರುತ್ತಿದ್ದವು. ಅಭ್ಯಾಸ ಬೋಧನೆಗೆಂದು ಶಾಲೆಗಳಿಗೆ ಹೋಗುವ ವಾರಗಳಲ್ಲಿ, ವಾರಕ್ಕೊಂದು ಪಾಠದ ಬಗ್ಗೆ ಸ್ವಂತ ಬ್ಲಾಗಿನಲ್ಲಿ ಬರೆಯಬೇಕು. ತರಗತಿಯಲ್ಲಿ ನಿಜವಾಗಿ ಏನಾಯಿತು ಅನ್ನುವುದನ್ನು ಬರೆಯಬೇಕು. ಕೊನೆಗೆ ಬೆಂಗಳೂರಿನಿಂದ ಮೌಲ್ಯಮಾಪಕರೊಬ್ಬರು ಬಂದು ಮಾತಾಡಿಸಿ ಸಹಿ ಹಾಕುತ್ತಾರೆ. ಆ ಸಹಿ ಇಲ್ಲದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪ್ರಾಂಶುಪಾಲರು ನೋಟಿಸ್ ಬೋರ್ಡಿಗೆ ಹಾಕಿಸಿದ್ದರು. ಬಿ.ಎಡ್. ಆಗ ಒಂದೇ ವರ್ಷದ್ದು. ಸಹಿ ತಪ್ಪಿದರೆ ವರ್ಷ ಹೋದ ಹಾಗೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನಮ್ಮೂರು ಹಳೇಬೀಡಿನ ಹತ್ತಿರದ ಹುಲಿಕೆರೆ. ಅಪ್ಪನದು ಗಾರೆ ಕೆಲಸ. ಅವ್ವ ಹಣ್ಣು ಬಿಡಿಸುವ ಕಾಲಕ್ಕೆ ಬಿಕ್ಕೋಡು ಕಡೆಯ ಕಾಫಿ ತೋಟಗಳಿಗೆ ಜೀಪಿನಲ್ಲಿ ಹೋಗಿ ಬರುತ್ತಿದ್ದಳು. ಬುದ್ಧನ ಫೋಟೊ ಇದ್ದ ಗೋಡೆಗೇ ಅಪ್ಪ ನನ್ನ ಡಿಗ್ರಿ ಸರ್ಟಿಫಿಕೇಟನ್ನೂ ಕಟ್ಟು ಹಾಕಿಸಿ ನೇತುಹಾಕಿದ್ದ. ಬಿ.ಎಡ್.ಗೆ ಸೇರುವಾಗ ಮೂಲ ಪ್ರತಿಯೇ ಬೇಕು ಅಂದದ್ದರಿಂದ ಆ ಕಟ್ಟು ಬಿಚ್ಚಬೇಕಾಯಿತು. ಬೇಜಾರಿಲ್ಲದೆ ಬಿಚ್ಚಿಕೊಟ್ಟ. ಪಕ್ಕದಲ್ಲಿ ಇನ್ನೊಂದು ಮೊಳೆಯನ್ನೂ ಆಗಲೇ ಹೊಡೆದಿಟ್ಟಿದ್ದ. ಅದು ಬಿ.ಎಡ್. ಸರ್ಟಿಫಿಕೇಟಿಗೆ. ಆ ವರ್ಷ ಊರಿಗೆ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಬರಿ ಮೊಳೆಯ ಮೇಲೆ.

ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇರಲಿಲ್ಲವೆಂದಲ್ಲ. ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಕಂಪ್ಯೂಟರುಗಳಿಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹೊದಿಕೆ, ಬಾಗಿಲಿಗೆ ಬೀಗ, ಬೀಗದ ಕೈ ಗುಮಾಸ್ತರ ಜೇಬಿನಲ್ಲಿ. ಇಂಟರ್ನೆಟ್ ಇದ್ದದ್ದು ಒಂದೇ ಒಂದಕ್ಕೆ. ಕೋರ್ಸಿನ ಉಸ್ತುವಾರಿ ನೋಡುತ್ತಿದ್ದ ಉಪನ್ಯಾಸಕಿ ಮೇಡಂ ಒಂದು ದಿನ ಆ ಕಂಪ್ಯೂಟರಿನಲ್ಲಿ ಬ್ಲಾಗು ತೆರೆಯುವುದು ಹೇಗೆಂದು ತೋರಿಸಿದರು. ನಾವು ಒಬ್ಬರ ಭುಜದ ಮೇಲೆ ಒಬ್ಬರು ಇಣುಕಿ ನೋಡಿದೆವು. ಆಮೇಲೆ ಹೊದಿಕೆ ಹೊದಿಸಿ ಬೀಗ ಹಾಕಿದರು. ಮಿಕ್ಕಿದ್ದು ನಮ್ಮ ನಮ್ಮ ಪಾಡು.

ನನ್ನ ಪಾಡು ಸ್ಟೇಷನ್ ರಸ್ತೆಯ ಸೈಬರ್ ಸೆಂಟರಿನಲ್ಲಿ. ಅದನ್ನು ನಡೆಸುತ್ತಿದ್ದವರು ಕೊಬ್ಬರಿ ವ್ಯಾಪಾರದ ಮನೆಯವರು, ಅಂಗಡಿಯಲ್ಲಿ ಮಠದ ಸ್ವಾಮಿಗಳ ಫೋಟೊಗೆ ದಿನಾ ಹೂ ಹಾಕಿಯೇ ಕಂಪ್ಯೂಟರ್ ಆನ್ ಮಾಡುತ್ತಿದ್ದರು. ಎಲ್ಲರಂತೆ ನಾನೂ ಅವರನ್ನು ಅಣ್ಣ ಅನ್ನುತ್ತಿದ್ದೆ. ಲಗ್ನಪತ್ರಿಕೆ, ಅರ್ಜಿ, ಕರಾರುಪತ್ರ ಎಲ್ಲವನ್ನೂ ಅವರು ಕನ್ನಡದಲ್ಲೇ ಟೈಪು ಮಾಡಿಕೊಡುತ್ತಿದ್ದರು. ಸರ್ಕಾರಿ ಕಚೇರಿಗಳಲ್ಲೆಲ್ಲ ಆಗ ಬಳಸುತ್ತಿದ್ದ ಕನ್ನಡದ ಫಾಂಟ್ ಅವರಲ್ಲಿತ್ತು. ನಾನು ಅಲ್ಲಿಗೇ ಅಂಟಿಕೊಂಡದ್ದು ಆ ಕಾರಣಕ್ಕೆ.

ಯಾವ ಭಾಷೆಯಲ್ಲಾದರೂ ಬರೆಯಬಹುದು ಎಂದು ಕೋರ್ಸಿನ ಸೂಚನೆಯಲ್ಲಿತ್ತು. ಆದರೂ ನಮ್ಮ ತರಗತಿಯವರೆಲ್ಲ ಇಂಗ್ಲಿಷಿನಲ್ಲಿ ಬರೆದರು. ಇಂಟರ್ನೆಟ್ಟಿಗೆ ಹಾಕುವುದು ಇಂಗ್ಲಿಷಿನಲ್ಲೇ ಇರಬೇಕು ಅನ್ನುವುದು ಯಾರೂ ಹೇಳದಿದ್ದರೂ ಎಲ್ಲರೂ ಒಪ್ಪಿಕೊಂಡಿದ್ದ ಮಾತು. ಇವತ್ತು ಪಾಠ ಮಾಡಿದೆ, ಮಕ್ಕಳು ಆಸಕ್ತಿಯಿಂದ ಕೇಳಿದರು, ಪಾಠ ಯಶಸ್ವಿಯಾಯಿತು. ಪಾಠ ಯೋಜನೆಯ ಕೊನೆಯಲ್ಲಿ ಬರೆಯುತ್ತಿದ್ದ ಸಾಲುಗಳನ್ನೇ ಇಂಗ್ಲಿಷಿಗೆ ತಿರುಗಿಸಿದರೆ ವಾರದ ಕೆಲಸ ಮುಗಿಯಿತು. ನನ್ನ ಕೈಯಲ್ಲಿ ಅದೂ ಆಗುತ್ತಿತ್ತು. ಆದರೆ ಏನಾಯಿತು ಬರೆಯಿರಿ ಅಂದಮೇಲೆ ಆದದ್ದನ್ನೇ ಬರೆಯಬೇಕಲ್ಲ. ನಾನು ಅಭ್ಯಾಸ ಬೋಧನೆಗೆ ಹೋಗುತ್ತಿದ್ದ ಜಾವಗಲ್ ಹೈಸ್ಕೂಲಿನ ಮಕ್ಕಳು ನನ್ನ ಹತ್ತಿರ ಆಡಿದ ಮಾತುಗಳು ಇಂಗ್ಲಿಷಿನಲ್ಲಿ ಆಡಿದವಲ್ಲ.

ಹಾಸ್ಟೆಲಿನಲ್ಲಿ ಮೊದಲು ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದೆ. ರೂಮಿನ ಗೆಳತಿ ನೋಡಿ ನಗುತ್ತಿದ್ದಳು.

"ಯಾರ್ ಓದ್ತಾರೆ ಅಂತ ಇಷ್ಟುದ್ದ ಬರೀತೀಯ ಕಣೇ?"

ಟೈಪಿಂಗ್ ಕಲಿಯುವುದೇ ಒಂದು ಕೆಲಸವಾಯಿತು. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀ ಒತ್ತಬೇಕು. ಅದನ್ನು ಮರೆತರೆ ಶಿಕ್ಷಕರು 'ಶಿಕಷಕರು' ಎಂದು ಬಿಡಿಬಿಡಿಯಾಗಿ ಬೀಳುತ್ತಿದ್ದರು. ಒಂದು ಸಲ ಇಡೀ ಬರಹ ಟೈಪು ಮಾಡಿ ಉಳಿಸುವುದಕ್ಕೆ ಮುಂಚೆ ಕರೆಂಟು ಹೋಯಿತು. ಅಂದಿನಿಂದ ಎರಡು ಸಾಲಿಗೊಂದು ಸಲ ಉಳಿಸುವ ಅಭ್ಯಾಸ ಬಂತು, ಇವತ್ತಿಗೂ ಬಿಟ್ಟಿಲ್ಲ.

ಮೊದಲ ಬರಹವನ್ನು ಬ್ಲಾಗಿಗೆ ಅಂಟಿಸಿದಾಗ ಕನ್ನಡ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಟೋಪಿ, ಚುಕ್ಕಿ, ಕೊಂಬು. ಅಣ್ಣ ತಮ್ಮ ಕುರ್ಚಿ ಎಳೆದುಕೊಂಡು ಬಂದು ಕೂತರು. ಬ್ಲಾಗಿನ ಹಿಂಬದಿಯಲ್ಲಿ ಆದೇಶಗಳನ್ನು ಬರೆಯುವ ಒಂದು ಪುಟ ಇತ್ತು. ಅದರಲ್ಲಿ ನನ್ನ ಬರಹದ ಮೊದಲಿಗೊಂದು, ಕೊನೆಗೊಂದು ಸಾಲು ಸೇರಿಸಿ, ಇದನ್ನು ಇಂಥ ಫಾಂಟಿನಲ್ಲಿ ತೋರಿಸು ಎಂದು ಆ ಫಾಂಟಿನ ಹೆಸರು ಬರೆದರು. ಮತ್ತೆ ತೆರೆದರೆ ಪರದೆಯ ತುಂಬ ಕನ್ನಡ. ಅಂಗಡಿಯಲ್ಲಿ ಟಿಕೆಟ್ ಬುಕ್ ಮಾಡಲು ಬಂದಿದ್ದವರನ್ನೂ ಕರೆದು ತೋರಿಸಿದರು. ರೋಗ ವಾಸಿಯಾಯಿತು ಅಂದುಕೊಂಡೆವು. ನಿಜವಾಗಿ ನಾವು ಆ ಹೊತ್ತಿಗೆ ರೋಗವನ್ನು ನಮ್ಮ ಕಣ್ಣಿಗೆ ಕಾಣದ ಹಾಗೆ ಮಾಡಿದ್ದೆವು, ಅಷ್ಟೆ. ಆ ಎರಡು ಸಾಲು ಸೇರಿಸುವುದನ್ನು ನಾನೂ ಕಲಿತೆ, ವಾರ ವಾರ ಹಾಗೇ ಮಾಡಿದೆ.

ಜಾವಗಲ್‌ಗೆ ಬೆಳಗಿನ ಬಸ್ಸು. ಹೈಸ್ಕೂಲಿನ ಸಮಾಜ ವಿಜ್ಞಾನದ ಹಿರಿಯ ಶಿಕ್ಷಕರು ನಮ್ಮ ಪಾಠಗಳನ್ನು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅಂಕ ಹಾಕುತ್ತಿದ್ದರು. ಒಂದು ವಾರ ನನಗೆ ಬಂದದ್ದು ಎಂಟನೇ ತರಗತಿ, ತಾಲ್ಲೂಕು ಆಡಳಿತ. ಮೇಲೆ ತಹಶೀಲ್ದಾರ್, ಕೆಳಗೆ ಗ್ರಾಮ ಲೆಕ್ಕಿಗ, ನಡುವೆ ಬಾಣದ ಗುರುತುಗಳಿರುವ ಚಾರ್ಟನ್ನು ಬಣ್ಣ ಹಚ್ಚಿ ತಯಾರು ಮಾಡಿಕೊಂಡು ಹೋಗಿದ್ದೆ. ಪೀಠಿಕೆಗೆಂದು, ತಾಲ್ಲೂಕು ಕಚೇರಿಗೆ ಸಂಬಂಧಪಟ್ಟ ಯಾವ ಮಾತುಗಳನ್ನು ಮನೆಯಲ್ಲಿ ಕೇಳಿದ್ದೀರಿ ಎಂದು ಕೇಳಿದೆ. ಪಹಣಿ, ಖಾತೆ, ಕಂದಾಯ, ಜಮಾಬಂದಿ ಎಂದು ಕೂಗತೊಡಗಿದರು. ಪಹಣಿ ತೆಗೆದುಕೊಳ್ಳುವುದು ಹೇಗೆ, ಯಾರಾದರೂ ಮಾಡಿ ತೋರಿಸುತ್ತೀರಾ ಅಂದೆ. ಅಷ್ಟಕ್ಕೆ, ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹಾಕಿದ್ದ ಒಬ್ಬಳು ಹುಡುಗಿ ಎದ್ದು ಬಂದು ನನ್ನ ಕುರ್ಚಿಯಲ್ಲೇ ಕೂತುಬಿಟ್ಟಳು. ಗ್ರಾಮ ಲೆಕ್ಕಿಗರನ್ನು ಆ ಕಡೆ ಜನ ಈಗಲೂ ಶಾನುಭೋಗರು ಅನ್ನುತ್ತಾರೆ. ತಾನು ಶಾನುಭೋಗರು ಅಂದಳು. ಡಸ್ಟರ್ ಎಳೆದು ಮುಂದಿಟ್ಟುಕೊಂಡಳು, ಅದು ಅವಳ ಸೀಲು. ಮಿಕ್ಕವರು ಸಾಲಾಗಿ ನಿಂತರು.

"ಏನವ್ವಾ ನಿಂದು?"

"ಪಹಣಿ ಬೇಕಾಗಿತ್ತು ಸ್ವಾಮಿ."

"ಕರೆಂಟಿಲ್ಲ. ನಾಳೆ ಬಾ."

ಮುಂದಿನವಳಿಗೆ ಖಾತೆ ಬದಲಾಯಿಸಬೇಕಿತ್ತು. ಸಾಹೇಬರು ಮೀಟಿಂಗಲ್ಲವ್ರೆ, ನಾಳೆ ಬಾ. ಅದರ ಮುಂದಿನವನು ತಕರಾರಿನ ಆಸಾಮಿ.

"ನೆನ್ನೇನೂ ನಾಳೆ ಬಾ ಅಂದಿದ್ರಲ್ಲ ಸ್ವಾಮಿ?"

ಹುಡುಗಿ ತಲೆ ಎತ್ತಲಿಲ್ಲ. "ನೆನ್ನೆ ಹೇಳಿದ್ದು ನೆನ್ನೆಗಾಯ್ತು. ಇವತ್ತಿಂದು ಬ್ಯಾರೆ. ನಾಳೆ ಬಾ."

ತರಗತಿ ನಕ್ಕು ನಕ್ಕು ಬೆಂಚು ಬಡಿಯಿತು. ಪಕ್ಕದ ತರಗತಿಯವರು ಬಂದು ಬಾಗಿಲಲ್ಲಿ ಇಣುಕಿದರು. ನಾನು ನಿಲ್ಲಿಸಲಿಲ್ಲ. ಈಗ ಇವನು ಯಾರ ಹತ್ತಿರ ಹೋಗಬೇಕು ಎಂದು ಕೇಳಿದೆ. ಒಬ್ಬ ರೆವಿನ್ಯೂ ಇನ್‌ಸ್ಪೆಕ್ಟರ್ ಅಂದ, ಇನ್ನೊಬ್ಬಳು ತಾಲ್ಲೂಕು ಆಫೀಸಿಗೆ ಹೋಗಿ ಅರ್ಜಿ ಕೊಟ್ಟು ಕೊಟ್ಟದ್ದಕ್ಕೆ ಚೀಟಿ ಇಸ್ಕೋಬೇಕು ಅಂದಳು, ಅವಳ ಅಪ್ಪ ಹಾಗೇ ಮಾಡಿದ್ದನಂತೆ. ನನ್ನ ಚಾರ್ಟಿನಲ್ಲಿದ್ದ ಬಾಣಗಳೆಲ್ಲ ಕೆಳಗಿನಿಂದ ಮೇಲಕ್ಕೆ ಮಕ್ಕಳ ಬಾಯಿಂದಲೇ ಬಂದವು. ಬೆಲ್ ಹೊಡೆಯಿತು. ಚಾರ್ಟು ಸುತ್ತಿದ್ದು ಸುತ್ತಿದ ಹಾಗೇ ಇತ್ತು.

ಹಿರಿಯ ಶಿಕ್ಷಕರು ಹಾಕಿದ ಅಂಕ ಆ ವಾರ ಎಲ್ಲರಿಗಿಂತ ಕಡಿಮೆ. ಕಪ್ಪುಹಲಗೆಯ ಸಾರಾಂಶವಿಲ್ಲ, ಮೌಲ್ಯಮಾಪನ ಪ್ರಶ್ನೆಗಳಿಲ್ಲ, ತರಗತಿ ನಿಯಂತ್ರಣವಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಂಕ ಕಡಿಮೆ ಬಂದದ್ದನ್ನೂ, ಹುಡುಗಿ ಆಡಿದ್ದನ್ನೂ, ಬಾಣಗಳು ಕೆಳಗಿನಿಂದ ಮೇಲಕ್ಕೆ ಬಂದದ್ದನ್ನೂ ಇದ್ದದ್ದು ಇದ್ದ ಹಾಗೆ ಬ್ಲಾಗಿನಲ್ಲಿ ಬರೆದೆ. ಬರೆದಮೇಲೆ ಓದಿಕೊಂಡೆ, ಚೆನ್ನಾಗಿತ್ತು. ನನಗೆ ನಾನೇ ಹಾಗೆ ಹೇಳಿಕೊಂಡದ್ದು ಆ ವರ್ಷದಲ್ಲಿ ಅದೊಂದೇ ಸಲ.

ಬೋಧನೆಯ ವಾರಗಳು ಮುಗಿಯುತ್ತ ಬಂದಾಗ ಸಂಸ್ಥೆಯಿಂದ ಮೇಲ್ ಬಂತು. ಇಂಗ್ಲಿಷಿನಲ್ಲಿತ್ತು, ಎರಡು ಸಲ ಓದಿದೆ. ನಿಮ್ಮ ಬ್ಲಾಗಿನಲ್ಲಿ ಅರ್ಥವಿಲ್ಲದ ಅಕ್ಷರಗಳನ್ನು ಬಿಟ್ಟರೆ ಬೇರೇನೂ ಇಲ್ಲ. ಕೆಲವು ಅಭ್ಯರ್ಥಿಗಳು ಆಯಾ ವಾರದ ದಿನಾಂಕ ಬಿದ್ದಿರಲೆಂದು ಹೀಗೆ ಏನನ್ನಾದರೂ ತುಂಬಿಸಿಟ್ಟು, ಆಮೇಲೆ ಬಿಡುವಾದಾಗ ಅಳಿಸಿ ಬರಹ ಹಾಕುವುದು ನಮ್ಮ ಗಮನಕ್ಕೆ ಬಂದಿದೆ. ನೀವು ಕೆಲಸ ಸಲ್ಲಿಸಿಲ್ಲವೆಂದು ಪರಿಗಣಿಸಿದ್ದೇವೆ. ಹೇಳುವುದೇನಾದರೂ ಇದ್ದರೆ ಮೌಲ್ಯಮಾಪಕರು ಬಂದಾಗ ಹೇಳಬಹುದು.

ಮೇಲ್ ಓದಿದ್ದು ಸೈಬರಿನಲ್ಲಿ. ಪಕ್ಕದಲ್ಲೇ ನನ್ನ ಬ್ಲಾಗು ತೆರೆದೆ. ಮುತ್ತಿನಂತೆ ಕನ್ನಡ. ಅಣ್ಣನೂ ನೋಡಿದರು. "ಇದನ್ನ ಓದಕ್ಕಾಗಲ್ಲ ಅಂದ್ರೆ ಅವರ ಕನ್ನಡಕ ಬದಲಾಯಿಸ್ಬೇಕು ಕಣಮ್ಮ," ಅಂದರು. ನಗಲು ನನ್ನ ಕೈಲಾಗಲಿಲ್ಲ.

ಮರುದಿನ ಗುಮಾಸ್ತರನ್ನು ಕಾಡಿ ಬೇಡಿ ಲ್ಯಾಬಿನ ಬೀಗ ತೆಗೆಸಿದೆ. ಚಪ್ಪಲಿ ಬಿಟ್ಟೆ, ಹೊದಿಕೆ ತೆಗೆದೆ, ಬ್ಲಾಗು ತೆರೆದೆ. ಮೇಲೆ ಇಂಗ್ಲಿಷಿನಲ್ಲಿ ನನ್ನ ಹೆಸರು, ಕೆಳಗೆ ದಿನಾಂಕ, ನಡುವೆ ಪುಟಗಟ್ಟಲೆ ಟೋಪಿ, ಚುಕ್ಕಿ, ಕೊಂಬು. ಮೊದಲ ದಿನ ಕಂಡಿದ್ದ ಅದೇ ಕಸ. ಇಷ್ಟು ದಿನ ಊರ ಜನಕ್ಕೆಲ್ಲ ಕಂಡದ್ದು ಇದು, ನನಗೆ ಮತ್ತು ಅಣ್ಣನಿಗೆ ಮಾತ್ರ ಕಂಡದ್ದು ಅದು.

ಮೇಡಂ ಕೆಟ್ಟವರಲ್ಲ. ನನ್ನ ಮುಖ ನೋಡಿ ಮರುಗಿದರು.

"ಹೋಗ್ಲಿ ಬಿಡಮ್ಮ, ಅವೆಲ್ಲ ಅಳಿಸ್ಬಿಡು. ಒಂದೊಂದಕ್ಕೆ ನಾಕ್ನಾಕು ಸಾಲು ಇಂಗ್ಲಿಷಲ್ಲಿ ಹಾಕು. ಅವರು ಬರೋದ್ರೊಳಗೆ ಆಗುತ್ತೆ. ದಿನಾಂಕ ಹೆಂಗೂ ಹಳೇದೇ ಇರುತ್ತಲ್ಲ."

ಗೆಳತಿಯೂ ಅದನ್ನೇ ಹೇಳಿದಳು. ತನ್ನವನ್ನೇ ಕೊಡುತ್ತೇನೆ, ಶಾಲೆಯ ಹೆಸರು ಬದಲಾಯಿಸಿಕೋ ಅಂದಳು. ಅವಳ ಸಾಲುಗಳನ್ನು ಬರೆದುಕೊಂಡೇ ಸೈಬರಿಗೆ ಹೋದೆ. ಸುಳ್ಳೇಕೆ ಹೇಳಲಿ, ಅಳಿಸುವುದಕ್ಕೆಂದೇ ಹೋದೆ. ಮೊದಲು ತೆರೆದದ್ದು ಶಾನುಭೋಗರ ಬರಹ. ಎಲ್ಲವನ್ನೂ ಆಯ್ಕೆ ಮಾಡಿದೆ, ಬರಹವೆಲ್ಲ ನೀಲಿಯಾಯಿತು. ಒಂದು ಕೀ ಒತ್ತಿದರೆ ಮುಗಿಯಿತು.

ಕೈ ಅಲ್ಲೇ ನಿಂತಿತು. ಬರಹದ ಮೇಲಿನ ಮೋಹವೂ ಇತ್ತು ಅನ್ನಿ. ಆದರೆ ನನ್ನನ್ನು ತಡೆದದ್ದು ಸಂಸ್ಥೆಯ ಮೇಲ್‌ನಲ್ಲಿದ್ದ ಮಾತು. ಕಸ ತುಂಬಿಸಿಟ್ಟು ಆಮೇಲೆ ಅಳಿಸಿ ಬರಹ ಹಾಕುತ್ತಾರೆ ಎಂದು ಅವರು ಬರೆದಿದ್ದರು. ಈಗ ನಾನು ಮಾಡಹೊರಟದ್ದು ಸರಿಯಾಗಿ ಅದನ್ನೇ. ಅಳಿಸದೆ ಇದ್ದರೆ ಅವರು ಹೇಳಿದ್ದು ಸುಳ್ಳು, ಅಳಿಸಿದ ಕ್ಷಣಕ್ಕೆ ನಿಜ. ವಾರ ವಾರ ಬರೆದದ್ದಕ್ಕೆ ನನ್ನ ಹತ್ತಿರ ಇದ್ದ ಸಾಕ್ಷಿ ಆ ಕಸವೊಂದೇ. ಫೇಲಾದರೂ ಬರೆದು ಫೇಲಾದವಳಾಗಿರುತ್ತೇನೆ ಅಂದುಕೊಂಡು ಪುಟ ಮುಚ್ಚಿದೆ. ಗೆಳತಿಯ ಹಾಳೆಯನ್ನು ಅವಳಿಗೇ ವಾಪಸು ಕೊಟ್ಟೆ. ಅವಳಿಗೆ ಸ್ವಲ್ಪ ಬೇಜಾರಾಯಿತು.

ಕಾರಣ ಹೊಳೆದದ್ದು ಅಣ್ಣನಿಗೆ, ಅದೂ ಅವರು ಹಿಂದೆ ಪಟ್ಟಿದ್ದ ಪಾಡಿನಿಂದ. ಒಂದು ಸಲ ಲಗ್ನಪತ್ರಿಕೆಯ ವಿಷಯವನ್ನು ಹಾಸನದ ಪ್ರೆಸ್ಸಿಗೆ ಮೇಲ್ ಮಾಡಿದಾಗ ಅಲ್ಲಿಯೂ ಹೀಗೇ ಟೋಪಿ ಚುಕ್ಕಿ ಬಂದಿತ್ತಂತೆ. ಆಮೇಲೆ ಸಿ.ಡಿ.ಯಲ್ಲಿ ಫಾಂಟನ್ನೂ ಕಳಿಸಿದ ಮೇಲೆ ಸರಿಹೋಯಿತಂತೆ. ನಮ್ಮ ಎರಡು ಸಾಲು, ಈ ಫಾಂಟಿನಲ್ಲಿ ತೋರಿಸು ಎಂದು ಮಾತ್ರ ಹೇಳುತ್ತಿತ್ತು. ಆ ಕಂಪ್ಯೂಟರಿನಲ್ಲಿ ಫಾಂಟೇ ಇಲ್ಲದಿದ್ದರೆ ಅದು ತೋರಿಸುವುದೇನನ್ನು? ಅಣ್ಣ ಹಣೆ ಹಣೆ ಬಡಿದುಕೊಂಡರು. ಗೊತ್ತಿದ್ದೂ ತಲೆಗೆ ಬರಲಿಲ್ಲವಲ್ಲ, ನಿನ್ನ ವರ್ಷಕ್ಕೆ ನಾನೇ ಕಲ್ಲು ಹಾಕಿದೆನಲ್ಲಮ್ಮ ಅಂದರು. ಯೂನಿಕೋಡ್ ಅನ್ನುವುದೊಂದಿದೆ, ಅದರಲ್ಲಿ ಬರೆದರೆ ಎಲ್ಲ ಕಡೆ ಕಾಣುತ್ತದೆ ಎಂದು ಅವರು ಕೇಳಿದ್ದರು. ಆದರೆ ಅವರ ಹಳೆಯ ಕಂಪ್ಯೂಟರುಗಳಲ್ಲಿ ಅದು ಬರಿ ಚೌಕಗಳಾಗಿ ಕಾಣುತ್ತಿತ್ತು.

ಇರಲಿ, ಲ್ಯಾಬಿನ ಕಂಪ್ಯೂಟರಿಗೆ ಫಾಂಟ್ ಹಾಕಿದರಾಯಿತಲ್ಲ ಅನ್ನಿಸಿ ಎದೆ ಹಗುರವಾಯಿತು. ಅಣ್ಣ ಸಿ.ಡಿ. ಮಾಡಿಕೊಟ್ಟರು. ಸಂಸ್ಥೆಗೆ ನನಗೆ ಬರುವಷ್ಟು ಇಂಗ್ಲಿಷಿನಲ್ಲಿ ಒಂದು ಮೇಲ್ ಬರೆದು ಇದನ್ನೆಲ್ಲ ವಿವರಿಸಿದೆ. ಉತ್ತರ ಬರಲಿಲ್ಲ. ಮೌಲ್ಯಮಾಪಕರು ಬರುವ ದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಲ್ಯಾಬಿನ ಬಾಗಿಲಲ್ಲಿ ಕೂತೆ. ಬೀಗ ತೆಗೆದರು, ಸಿ.ಡಿ. ಹಾಕಿದೆ. ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ಹೊಸದೇನಾದರೂ ಸೇರಿಸಬೇಕಾದರೆ ಅದನ್ನು ಕೊಡಬೇಕಂತೆ. ಗುಮಾಸ್ತರಿಗೆ ಗೊತ್ತಿಲ್ಲ, ಮೇಡಂಗೆ ಗೊತ್ತಿಲ್ಲ. ಕಂಪ್ಯೂಟರ್ ಕೂರಿಸಿಹೋದ ಹಾಸನದವನಿಗೆ ಮಾತ್ರ ಗೊತ್ತು. ಅವನಿಗೆ ಫೋನ್ ಮಾಡಿದರೆ ಗಂಟೆ ಹೊಡೆಯುತ್ತಿತ್ತು, ಎತ್ತುವವರಿರಲಿಲ್ಲ.

ಮೌಲ್ಯಮಾಪಕರು ತಲೆ ನರೆತವರು, ಮೆತ್ತಗೆ ಮಾತಾಡುವವರು. ಸಭಾಂಗಣದ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆದು, ಪ್ರಿಂಟ್ ಹಾಕಿಸಿ ತಂದಿದ್ದ ಹಾಳೆ ನೋಡಿ, ಒಂದೆರಡು ಪ್ರಶ್ನೆ ಕೇಳಿ ಸಹಿ ಹಾಕುತ್ತಿದ್ದರು. ಗೆಳತಿ ನಗುತ್ತ ಹೊರಗೆ ಬಂದಳು. ನನ್ನನ್ನು ಕೊನೆಗೆ ಕರೆದರು. ನನ್ನ ಹಾಳೆಯಲ್ಲಿದ್ದದ್ದು ಟೋಪಿ ಚುಕ್ಕಿಗಳೇ. ಫಾಂಟಿನ ವಿಷಯ ಹೇಳಿದೆ. ಕೇಳಿಸಿಕೊಂಡರು. ಇರಬಹುದು ಅಂದರು, ಆದರೆ ಓದದೆ ಸಹಿ ಹಾಕುವುದು ಹೇಗೆ ಅಂದರು. ನ್ಯಾಯವೇ. ಗಡಿಯಾರ ನೋಡಿಕೊಂಡು ಹಾಳೆಗಳನ್ನು ಚೀಲಕ್ಕೆ ತುಂಬಿಸತೊಡಗಿದರು. ಸಂಜೆಯ ರೈಲಿಗೆ ಅವರ ಟಿಕೆಟ್ ಆಗಿತ್ತು.

"ನೀವೊಂದು ಅರ್ಜಿ ಬರ್ದು ಕಳಿಸಿ. ಮುಂದೆ ನೋಡೋಣ."

ಆ ಮುಂದೆ ಅನ್ನುವುದು ಯಾವತ್ತೂ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ನನಗೆ ಎರಡು ಜಡೆಯ ಹುಡುಗಿ ಕಲಿಸಿದ್ದಳು. ಸಾಲಿನಲ್ಲಿ ನಿಂತಿದ್ದ ತಕರಾರಿನ ಹುಡುಗನ ಹಾಗೆ ನಾನೂ ಅಲ್ಲಿಂದ ಕದಲಲಿಲ್ಲ. ಶಿಷ್ಟ ಕನ್ನಡದಲ್ಲಿ ಮಾತಾಡಬೇಕೆಂದು ಬೆಳಗಿನಿಂದ ಅಭ್ಯಾಸ ಮಾಡಿದ್ದು ಬಾಯಿಗೆ ಬರಲಿಲ್ಲ.

"ಸಾರ್, ಓದಕ್ಕೆ ಬರೋ ಕಂಪ್ಯೂಟ್ರು ಸ್ಟೇಷನ್ ದಾರೀಲೇ ಐತೆ. ನೀವು ಹೆಂಗೂ ಆ ಕಡೀಕೆ ಹೋಗ್ತೀರ. ನಿಮ್ ಬ್ಯಾಗ್ ನಾ ಹಿಡ್ಕೊಂಡ್ ಬತ್ತೀನಿ."

ಮೇಡಂ ಗಾಬರಿಯಿಂದ ನನ್ನ ಕಡೆ ನೋಡಿದರು. ಮೌಲ್ಯಮಾಪಕರು ಚೀಲ ಹೆಗಲಿಗೆ ಹಾಕಿಕೊಂಡು, "ಬ್ಯಾಗ್ ನಾನೇ ಹಿಡ್ಕೋತೀನಿ, ದಾರಿ ತೋರಿಸಿ," ಅಂದರು.

ಸ್ಟೇಷನ್ ರಸ್ತೆಗೆ ಬಂದರೆ ಕರೆಂಟಿಲ್ಲ. ಅಂಗಡಿ ಅಂಗಡಿಯಲ್ಲೂ ಜನರೇಟರಿನ ಸದ್ದು. ಅಣ್ಣನ ಅಂಗಡಿಯಲ್ಲಿ ಜನರೇಟರ್ ಇರಲಿಲ್ಲ, ಯು.ಪಿ.ಎಸ್. ಮಾತ್ರ. ಮೆಟ್ಟಿಲು ಹತ್ತಿ ನೋಡಿದರೆ, ಅಣ್ಣ ಫ್ಯಾನು, ದೀಪ, ಮಿಕ್ಕ ಕಂಪ್ಯೂಟರುಗಳನ್ನೆಲ್ಲ ಆರಿಸಿ, ಗಿರಾಕಿಗಳನ್ನೂ ಕಳಿಸಿ, ಒಂದೇ ಒಂದು ಪರದೆಯನ್ನು ಉಳಿಸಿಕೊಂಡು ಬೀಸಣಿಗೆ ಹಿಡಿದು ಕೂತಿದ್ದರು. ಗೆಳತಿ ಮುಂಚೆಯೇ ಓಡಿಹೋಗಿ ವಿಷಯ ಹೇಳಿದ್ದಳು. ಹಾಳೆ ವಾಪಸು ಕೊಟ್ಟ ಬೇಜಾರನ್ನು ಅವಳು ಅಷ್ಟರಲ್ಲಿ ಮರೆತಿದ್ದಳು.

"ಬನ್ನಿ ಸಾರ್, ಕೂತ್ಕೊಳ್ಳಿ. ಇದು ಇನ್ನೊಂದಷ್ಟು ಹೊತ್ತು ತಡ್ಕೊಳ್ಳುತ್ತೆ," ಅಂದರು ಅಣ್ಣ.

ಮೌಲ್ಯಮಾಪಕರು ಕೂತರು. ನಾನು ಬ್ಲಾಗು ತೆರೆದೆ. ಪರದೆ ತುಂಬಿ ಕನ್ನಡ ಬಂತು. ಕೈಯಲ್ಲಿದ್ದ ಹಾಳೆಯನ್ನು ಪರದೆಯ ಪಕ್ಕಕ್ಕೆ ಹಿಡಿದು ಒಂದು ಸಲ ಅದನ್ನು, ಒಂದು ಸಲ ಇದನ್ನು ನೋಡಿದರು. ದಿನಾಂಕಗಳನ್ನು ಹೊಂದಿಸಿ ನೋಡಿದರು. ಸಾಲಿನ ಉದ್ದ, ಪ್ಯಾರಾಗಳ ತುದಿ, ಎಲ್ಲಿ ಚಿಕ್ಕ ಸಾಲಿತ್ತೋ ಅಲ್ಲಿಯೂ ಚಿಕ್ಕ ಸಾಲು. ಅದೇ ಬರಹ ಎನ್ನುವುದರಲ್ಲಿ ಅವರಿಗೆ ಅನುಮಾನ ಉಳಿಯಲಿಲ್ಲವೆಂದು ಕಾಣುತ್ತದೆ, ಹಾಳೆ ಕೆಳಗಿಟ್ಟು ಓದಲು ಶುರು ಮಾಡಿದರು.

ನಾನು ಬೆನ್ನ ಹಿಂದೆ ನಿಂತಿದ್ದೆ. ಬಾಗಿಲ ಬಳಿ ಗೆಳತಿ ಉಗುರು ಕಡಿಯುತ್ತಿದ್ದಳು. ಯು.ಪಿ.ಎಸ್. ಆಗೊಮ್ಮೆ ಈಗೊಮ್ಮೆ ಕುಯ್ಯೆನ್ನುತ್ತಿತ್ತು, ಪ್ರತಿ ಸಲವೂ ಅಣ್ಣ ಬೀಸಣಿಗೆ ನಿಲ್ಲಿಸುತ್ತಿದ್ದರು. ಮೊದಲ ಬರಹ ಮುಗಿಯಿತು, ಅವರ ಮುಖ ನನಗೆ ಕಾಣುತ್ತಿರಲಿಲ್ಲ. ಎರಡನೆಯದೂ ಮುಗಿಯಿತು. ತಾಲ್ಲೂಕು ಆಡಳಿತಕ್ಕೆ ಬಂದರು. ಅವರ ಭುಜ ಒಂದು ಸಲ ಅಲುಗಿತು. ಕೆಮ್ಮಿರಬೇಕು ಅಂದುಕೊಂಡೆ. ಸ್ವಲ್ಪ ಕೆಳಗೆ ಸರಿಸಿದರು, ಮತ್ತೆ ಅಲುಗಿತು. ಆಮೇಲೆ ತಡೆದುಕೊಳ್ಳದೆ ಜೋರಾಗಿಯೇ ನಕ್ಕುಬಿಟ್ಟರು.

"ನೆನ್ನೆ ಹೇಳಿದ್ದು ನೆನ್ನೆಗಾಯ್ತು," ಎಂದು ತಮಗೆ ತಾವೇ ಓದಿಕೊಂಡರು. ತಿರುಗಿ ನನ್ನನ್ನು ನೋಡಿ, "ಇದಕ್ಕೇನಾ ನಿಮಗೆ ಎಲ್ಲರಿಗಿಂತ ಕಡಿಮೆ ಅಂಕ ಕೊಟ್ಟಿದ್ದು?" ಅಂದರು.

ಹೌದು ಸಾರ್ ಅಂದೆ. ಕಪ್ಪುಹಲಗೆ ಸಾರಾಂಶ ನಿಜವಾಗಿ ಬಿಟ್ಟುಹೋಗಿತ್ತು ಅಂದೆ.

ಮಿಕ್ಕದ್ದನ್ನೂ ಓದಿದರು. ಕೊನೆಗೆ ಕನ್ನಡಕ ತೆಗೆದು, ಎಲ್ಲರೂ ಇಂಗ್ಲಿಷಿನಲ್ಲೇ ಬರೆಯುತ್ತಾರೆ ಅಂದುಕೊಂಡು ನಾವು ಸೂಚನೆ ತಯಾರಿಸಿದ್ದು, ಯಾವ ಭಾಷೆಯಲ್ಲಾದರೂ ಬರೆಯಿರಿ ಅಂದೆವು, ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಹೇಳಲಿಲ್ಲ, ತಪ್ಪು ನಮ್ಮ ಕಡೆಯದೂ ಇದೆ ಅಂದರು. ಮೇಲ್ ಬಂದ ಮೇಲೂ ಕಾಲವಿತ್ತಲ್ಲ, ಇದನ್ನೆಲ್ಲ ತೆಗೆದು ನಾಲ್ಕು ಸಾಲು ಇಂಗ್ಲಿಷ್ ಯಾಕೆ ಹಾಕಲಿಲ್ಲ, ಬೇರೆಯವರು ಹಾಗೇ ಮಾಡುತ್ತಿದ್ದರು ಎಂದು ಕೇಳಿದರು.

"ಅಳ್ಸಿದ್ರೆ ನೀವು ಬರ್ದಿದ್ದೇ ನಿಜ ಆಗೋಗ್ತಿತ್ತು ಸಾರ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಪೆನ್ನು ಕೇಳಿದರು. ಅಣ್ಣ ಕೊಟ್ಟ ಪೆನ್ನಿನಲ್ಲಿ, ಸೈಬರ್ ಸೆಂಟರಿನ ಮೇಜಿನ ಮೇಲೆ, ನನ್ನ ಹೆಸರಿನ ಮುಂದೆ ಸಹಿ ಹಾಕಿದರು. ಅವರು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಪರದೆ ಆರಿತು. ಕತ್ತಲಲ್ಲಿ ಎಲ್ಲರೂ ಒಟ್ಟಿಗೇ ನಕ್ಕೆವು. ಮೆಟ್ಟಿಲಿಳಿಯುತ್ತ ಅವರು ಹೇಳಿದ್ದು ಒಂದೇ ಮಾತು, ಬಿಡುವಾದಾಗ ಇವನ್ನೆಲ್ಲ ಯೂನಿಕೋಡಿಗೆ ಹಾಕಿ, ಬೇರೆಯವರೂ ಓದಲಿ ಎಂದು. ಪರೀಕ್ಷೆ ಮುಗಿದ ಮೇಲೆ ಒಂದೊಂದೇ ಅಕ್ಷರ ಮತ್ತೆ ಟೈಪು ಮಾಡಿ ಹಾಕಿದೆ. ಅಷ್ಟರಲ್ಲಿ ಅಣ್ಣ ಎಲ್ಲಿಂದಲೋ ಸಿ.ಡಿ. ತಂದು ಚೌಕಗಳ ರೋಗವನ್ನೂ ವಾಸಿ ಮಾಡಿದ್ದರು.

ಅವತ್ತು ಅವರನ್ನು ಸ್ಟೇಷನ್ ಗೇಟಿನವರೆಗೆ ಬಿಟ್ಟು ಬಂದೆ. ಗೆಳತಿ ಎಳನೀರು ಕುಡಿಸಿದಳು. ಹಾಸ್ಟೆಲಿನ ಗೇಟು ಮುಚ್ಚುವುದಕ್ಕೆ ಮುಂಚೆ ಬೂತಿನಿಂದ ಊರಿಗೆ ಫೋನ್ ಮಾಡಿದೆ. ಪಕ್ಕದ ಮನೆಯವರು ಅಪ್ಪನನ್ನು ಕರೆದರು. ಸಹಿ ಆಯಿತು ಅಂದೆ. ಆಗುತ್ತೋ ಇಲ್ಲವೋ ಅನ್ನುವ ವಿಷಯವನ್ನೇ ಮನೆಗೆ ಹೇಳಿರಲಿಲ್ಲವಾದ್ದರಿಂದ ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ಅಪ್ಪ ಹೂಂಗುಟ್ಟುತ್ತ ಕೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದ.

"ಅಲ್ಲ ಕಣವ್ವ, ಬೆಂಗಳೂರ್ನೋರಿಗೂ ಓದಕ್ ಬರ್ಲಿಲ್ವಾ?"

ಅಪ್ಪನಿಗೆ ಓದಲು ಬರುವುದಿಲ್ಲ. ಆ ಪ್ರಶ್ನೆಯಲ್ಲಿ ಎಷ್ಟು ಸಮಾಧಾನ ಇತ್ತೆಂದರೆ, ಫಾಂಟಿನ ವಿಷಯ ವಿವರಿಸಲು ನನಗೆ ಮನಸ್ಸು ಬರಲಿಲ್ಲ. ಮೊದಲು ಬರಲಿಲ್ಲ ಕಣಪ್ಪ, ಆಮೇಲೆ ನಾನು ಓದಿಸಿದೆ ಅಂದೆ.

ಜಾವಗಲ್ ಶಾಲೆಯಲ್ಲಿ ನಮ್ಮ ಕೊನೆಯ ದಿನ ಮಕ್ಕಳು ಕಾಗದದ ಹೂ ಕೊಟ್ಟರು. ಎರಡು ಜಡೆಯ ಹುಡುಗಿಯನ್ನು ಪಕ್ಕಕ್ಕೆ ಕರೆದು, ನೀನು ಶಾನುಭೋಗರಾದದ್ದನ್ನು ಓದಿ ಬೆಂಗಳೂರಿನವರೊಬ್ಬರು ನಕ್ಕರು ಎಂದು ಹೇಳಿದೆ. ಅವಳು ನಂಬಲಿಲ್ಲ.

"ಆಮ್ಯಾಕೆ ಏನಂದ್ರು ಮಿಸ್? ನಾಳೆ ಬಾ ಅಂದ್ರಾ?"

"ಇಲ್ಲ. ಅವತ್ತೇ ಸಹಿ ಹಾಕಿದ್ರು."

ಹುಡುಗಿ ಸ್ವಲ್ಪ ಯೋಚಿಸಿದಳು.

"ಹಂಗಾರೆ ಅವ್ರು ಕೆಲ್ಸಕ್ಕೆ ಹೊಸಬ್ರು ಬಿಡಿ ಮಿಸ್," ಅಂದಳು.